ಒರತಿ ಎಲ್ಲದ ಅಂತ ಗೊತ್ತಿದ್ದವರು

ನಮ್ಮ ಆಯಿಯ ಊರು ಸುರಪುರದ ಕಡೆ. ಚಿಕ್ಕವನಿದ್ದಾಗ ಬ್ಯಾಸಗಿ ಸೂಟಿಗೆ ಹೋದರೆ ಹಳ್ಳದಲ್ಲಿ ಬರೀ ಉಸುಕು. ಆಯಿ ಅದೇ ಉಸುಕಿನಲ್ಲಿ ಒಂದು ಕಡೆ ಕೂತು ಕೈಯಿಂದಲೇ ತೋಡುತ್ತಿದ್ದಳು. ಮೊಣಕೈ ಆಳ ಹೋಗುವಷ್ಟರಲ್ಲಿ ಒದ್ದೆ, ಆಮೇಲೆ ರಾಡಿ, ಇನ್ನೊಂದಿಷ್ಟು ಹೊತ್ತು ಕಾದರೆ ತಿಳಿನೀರು. ಚರಿಗಿಯಿಂದ ಮೊಗೆದು ಕೊಡ ತುಂಬುವಳು. ನಾನು ಹತ್ತು ಮಾರು ಆಚೆ ಎಷ್ಟು ತೋಡಿದರೂ ಒಣ ಉಸುಕೇ. "ಎಲ್ಲಾ ಕಡಿ ಇರಲ್ಲೋ ತಮ್ಮಾ, ಒರತಿ ಇದ್ದಲ್ಲೇ ಇರ್ತದ" ಅನ್ನುವಳು. ಅದು ಎಲ್ಲದ ಅಂತ ನಿನಗೆ ಹೆಂಗ ಗೊತ್ತು ಅಂತ ಆಗ ಕೇಳಬೇಕಿತ್ತು, ಕೇಳಲಿಲ್ಲ.

ಇದು ನೆನಪಾದದ್ದು ಮೊನ್ನೆ ಗೆಳೆಯರೊಬ್ಬರು "ಆ ಬರಗಾಲದ ಸೀಮೆಯಲ್ಲಿ ನೋಡೋಕೆ ಏನಿದೆ ಮಾರಾಯ?" ಎಂದಾಗ. ಇದೆ. ಹನ್ನೆರಡು ಲಕ್ಷ ವರ್ಷದ್ದು ಇದೆ.

ಅದೇ ಸುರಪುರದ ಕಡೆಯ ಹುಣಸಗಿ ಮತ್ತು ಬೈಚಬಾಳದ ಸುತ್ತ, ಗುಡ್ಡ ದಿಣ್ಣೆಗಳು ಸುತ್ತುವರಿದ ಒಂದು ತಗ್ಗುನಾಡಿದೆ. ಪುಣೆಯ ಡೆಕ್ಕನ್ ಕಾಲೇಜಿನ ಪುರಾತತ್ವಜ್ಞ ಕೆ. ಪದ್ದಯ್ಯ 1960ರ ದಶಕದಿಂದ ಹಲವು ದಶಕ ಈ ನೆಲವನ್ನು ನಡೆದು ನೋಡಿದರು. ಅಲ್ಲಿ ಗೊತ್ತಾಗಿರುವ ಹಳೆ ಶಿಲಾಯುಗದ ತಾಣಗಳು ಹತ್ತಿಪ್ಪತ್ತಲ್ಲ, ಸುಮಾರು ಇನ್ನೂರು. ಹೆಚ್ಚಿನವು ಬಯಲಿನಲ್ಲೇ ಇವೆ. ಆದಿಮಾನವ ಎಂದೊಡನೆ ಗುಹೆಯ ಬಾಯಲ್ಲಿ ಚರ್ಮ ಸುತ್ತಿಕೊಂಡು ನಡುಗುತ್ತ ಕೂತ ಗಡ್ಡದ ಗಂಡಸಿನ ಚಿತ್ರ ಬರೆಯುತ್ತಾರಲ್ಲ ಪಠ್ಯಪುಸ್ತಕದವರು, ಅವರು ಒಮ್ಮೆ ಹುಣಸಗಿಯ ಮೇ ತಿಂಗಳ ಬಿಸಿಲಿಗೆ ಬರಬೇಕು. ನಡುಗೋ ಮಾತೇ ಇಲ್ಲ.

ಪದ್ದಯ್ಯನವರ ಕೆಲಸದಲ್ಲಿ ನನಗೆ ಬಹಳ ಹಿಡಿಸಿದ್ದು ಕಲ್ಲಿನ ಕೈಗೊಡಲಿಗಳ ಲೆಕ್ಕಕ್ಕಿಂತ ಅವರು ಕೇಳಿದ ಪ್ರಶ್ನೆ. ಇಲ್ಲಿ ಮಳೆ ನಾಲ್ಕು ತಿಂಗಳು, ಉಳಿದದ್ದೆಲ್ಲ ಒಣ. ಹಾಗಾದರೆ ಬೇಸಿಗೆಯಲ್ಲಿ ಇವರು ಎಲ್ಲಿದ್ದರು? ಕಲ್ಲಿನ ಉಪಕರಣಗಳು ಬಿದ್ದ ಜಾಗಗಳನ್ನು ನಕ್ಷೆಗೆ ಹಾಕಿ ನೋಡಿದರೆ ಎಲ್ಲ ಕಡೆ ಒಂದೇ ತೆರ ಇಲ್ಲ. ವರ್ಷವಿಡೀ ಒರತೆ ಜಿನುಗುವ ಹಳ್ಳದ ಬದಿಯಲ್ಲಿ ದಟ್ಟ, ಉಳಿದ ಬಯಲಿನಲ್ಲಿ ಚದುರಿದಂತೆ ಅಲ್ಲೊಂದಿಷ್ಟು ಇಲ್ಲೊಂದಿಷ್ಟು. ಬೇಸಿಗೆಯಲ್ಲಿ ಎಲ್ಲರೂ ಒರತೆಯ ಹತ್ತಿರ ಕೂಡುತ್ತಿದ್ದರು, ಮಳೆ ಬಿದ್ದು ತಗ್ಗುಗಳಲ್ಲಿ ನೀರು ನಿಂತಾಗ ಸಣ್ಣ ಗುಂಪುಗಳಾಗಿ ಬಯಲಿಗೆ ಹರಡುತ್ತಿದ್ದರು ಎಂಬುದು ಅವರ ವಾದ. ಈಗಿನ ಹಳ್ಳಿಯವರು ಅಡವಿಯಿಂದ ಏನೇನು ಕಿತ್ತು ತಿನ್ನುತ್ತಾರೆ ಎಂಬುದನ್ನೂ ಅವರು ಗಮನಿಸಿದರು. ಹತ್ತರಕಿ, ಕಿರಕಸಾಲಿ, ಕವಳಿ ಹಣ್ಣು, ಬಾರಿ ಹಣ್ಣು ತಿಂದು ಬೆಳೆದ ನಮಗೆ ಇದೇನು ಸಂಶೋಧನೆ ಅನ್ನಿಸಬಹುದು. ಆದರೆ ಬೇಟೆ ಬೇಟೆ ಎಂದು ಬರೆಯುವವರಿಗೆ ಈ ಪಲ್ಯೆ ಕಾಣುವುದೇ ಇಲ್ಲ.

ಈ ವಾದಕ್ಕೆ ಆಕ್ಷೇಪವೂ ಬರುತ್ತದೆ. ಒರತೆ ಬದಿಯ ಕಲ್ಲೂ ಬಯಲಿನ ಕಲ್ಲೂ ಒಂದೇ ವರ್ಷದವು ಎಂದು ಹೇಳುವುದು ಹೇಗೆ? ಸಾವಿರಾರು ವರ್ಷಗಳ ರಾಶಿ ಒಂದರ ಮೇಲೊಂದು ಬಿದ್ದಿರಬಹುದಲ್ಲ? ಸರಿಯಾದ ಮಾತೇ. ಆದರೂ ನನಗೆ ಪದ್ದಯ್ಯನವರ ಮಾತು ಒಪ್ಪಿಗೆ. ಸಾವಿರಾರು ವರ್ಷಗಳ ರಾಶಿಯಾದರೆ, ಅಷ್ಟೂ ಕಾಲ ಮಂದಿ ಮತ್ತೆ ಮತ್ತೆ ಅದೇ ನೀರಿಗೆ ಬಂದರು ಅಂತಲೇ ಆಯಿತಲ್ಲ.

ಇದೇ ತಗ್ಗುನಾಡಿನ ಇಸಾಂಪುರದ ಕಥೆ ಇನ್ನೂ ಚಂದ. 1997ರಿಂದ 2001ರವರೆಗೆ ಅಗೆದಾಗ ಸಿಕ್ಕಿದ್ದು ಕಲ್ಲಿನ ಗಣಿ, ಅಲ್ಲೇ ಕಾರ್ಖಾನೆ. ಶಹಾಬಾದ್ ಪರ್ಸಿ ಅಂತ ನಾವು ನೆಲಕ್ಕೆ ಹಾಸುತ್ತೇವಲ್ಲ, ಆ ಜಾತಿಯ ಸುಣ್ಣಕಲ್ಲು. ಪದರು ಪದರಾಗಿ ಏಳುತ್ತದೆ. ಬೇಕಾದ ದಪ್ಪದ ಹಾಸು ಆರಿಸಿ, ಬೇರೆ ಗಟ್ಟಿ ಕಲ್ಲಿನಿಂದ ಅಂಚು ಹೊಡೆದರೆ ಅರ್ಧ ಕೆಲಸ ಮುಗಿದಂತೆ. ಎದ್ದ ಚಕ್ಕೆಗಳು ಕೂತು ಹೊಡೆದ ಜಾಗದಲ್ಲೇ ಗುಂಪು ಗುಂಪಾಗಿ ಬಿದ್ದಿದ್ದವು. ಅಲ್ಲಿ ಸಿಕ್ಕ ಪ್ರಾಣಿಯ ಹಲ್ಲಿನ ಕಾಲ ಲೆಕ್ಕ ಹಾಕಿದಾಗ ಬಂದದ್ದು ಸುಮಾರು 12 ಲಕ್ಷ ವರ್ಷ. ಇವರು ನಮ್ಮಂಥ ಮನುಷ್ಯರಲ್ಲ, ನಮಗಿಂತ ಬಹಳ ಹಿಂದಿನ ಜಾತಿ. ಅವರ ಒಂದು ಎಲುಬೂ ಇಲ್ಲಿ ಸಿಕ್ಕಿಲ್ಲ. ಮಾತು ಬರುತ್ತಿತ್ತೋ ಇಲ್ಲವೋ. ಯಾವ ಪರ್ಸಿ ಒಡೆಯಬೇಕು ಅಂತ ಮಾತ್ರ ಗೊತ್ತಿತ್ತು.

ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿದ್ದ ರವಿ ಕೋರಿಶೆಟ್ಟರ್ ಈ ಎಳೆಯನ್ನೇ ಇನ್ನೂ ದೊಡ್ಡದಾಗಿ ಬಿಡಿಸಿದರು. ಭೀಮಾ, ಕಲಾದಗಿ, ಕಡಪಾ ಕಡೆಯ ಹಳೆಯ ಕಲ್ಲಿನ ತಗ್ಗುಗಳಲ್ಲಿ ಬತ್ತದ ಒರತೆಯೂ ಉಂಟು, ಹೊಡೆಯಲು ಒಳ್ಳೆ ಕಲ್ಲೂ ಉಂಟು, ಆದ್ದರಿಂದಲೇ ಮನುಷ್ಯರು ಅಲ್ಲಿ ನೆಲೆ ನಿಂತರು ಎಂದು. ಅವರೂ ಪುರಾತತ್ವಜ್ಞ ಮೈಕೇಲ್ ಪೆಟ್ರಾಗ್ಲಿಯಾ ಅವರೂ ಸೇರಿ ಅಗೆದ, ಆಗ ಕರ್ನೂಲು ಜಿಲ್ಲೆಯಲ್ಲಿದ್ದ, ಈಗ ನಂದ್ಯಾಲ ಜಿಲ್ಲೆಗೆ ಸೇರಿದ ಜ್ವಾಲಾಪುರದಲ್ಲಿ, ಸುಮಾತ್ರಾದ ತೋಬಾ ಜ್ವಾಲಾಮುಖಿ 74,000 ವರ್ಷಗಳ ಹಿಂದೆ ಉಗುಳಿದ ಬೂದಿಯ ಪದರ ಇದೆ. ಬೂದಿಯ ಕೆಳಗೂ ಕಲ್ಲಿನ ಉಪಕರಣ, ಮೇಲೂ ಉಪಕರಣ. ಬೂದಿ ಬೀಳುವ ಮೊದಲೂ ಆಮೇಲೂ ಮಂದಿ ಅಲ್ಲಿದ್ದರು ಅಂತಾಯಿತು.

ನಮ್ಮಲ್ಲಿ ಮಾತ್ರ ಅಂತಲ್ಲ. ದಕ್ಷಿಣ ಆಫ್ರಿಕಾದ ಕಲಹಾರಿ ಮರುಭೂಮಿಯ ಅಂಚಿನ ಗಾ-ಮೊಹಾನಾ ಗುಡ್ಡದಲ್ಲಿ, ಸಮುದ್ರದಿಂದ 600 ಕಿಲೋಮೀಟರ್ ಒಳಗೆ, 1,05,000 ವರ್ಷಗಳ ಹಿಂದೆ ಯಾರೋ 22 ಬಿಳಿ ಹರಳುಗಳನ್ನು ಆರಿಸಿ ತಂದಿಟ್ಟುಕೊಂಡಿದ್ದರು. ಬಳಕೆಗಲ್ಲ, ಸುಮ್ಮನೆ ಚಂದಕ್ಕೆ ಇರಬೇಕು. 2021ರಲ್ಲಿ ಇದು ಪ್ರಕಟವಾಯಿತು. ಆ ಗುಡ್ಡದಲ್ಲೂ ಆಗ ನೀರು ಹರಿದು ಕಲ್ಲಿನ ಮೇಲೆ ಸುಣ್ಣದ ಹೆಪ್ಪು ಬಿಟ್ಟಿರುವ ಗುರುತಿದೆ. ಹೊಟ್ಟೆಪಾಡಿಗೆ ಒದ್ದಾಡುವವರಿಗೆ ಹರಳು ಆಯುವ ಪುರುಸೊತ್ತು ಎಲ್ಲಿಂದ?

ನನ್ನ ತಕರಾರು ಇಷ್ಟೇ. ಒಣನೆಲದಲ್ಲಿ ಬದುಕಿದವರ ಬಗ್ಗೆ ಬರೆಯುವಾಗ ನಾವು "ಪ್ರತಿಕೂಲ ಪರಿಸರ", "ಹೋರಾಟ" ಅನ್ನುವ ಪದಗಳನ್ನು ಮೊದಲೇ ತೆಗೆದಿಟ್ಟುಕೊಂಡಿರುತ್ತೇವೆ. ಪ್ರತಿಕೂಲ ಯಾರಿಗೆ? ಒರತಿ ಎಲ್ಲದ ಅಂತ ಗೊತ್ತಿಲ್ಲದವನಿಗೆ. ಮ್ಯೂಸಿಯಮ್ಮಿನ ಗಾಜಿನೊಳಗೆ ಕೈಗೊಡಲಿ ಇಡಬಹುದು, ಈ ಗೊತ್ತಿರುವಿಕೆಯನ್ನು ಇಡಲು ಬರುವುದಿಲ್ಲ. ಅದಕ್ಕೇ ಅದು ಲೆಕ್ಕದಿಂದ ಬಿಟ್ಟುಹೋಗಿದೆ.

ಈಗ ಅಲ್ಲಿ ನಾರಾಯಣಪುರದ ಎಡದಂಡೆ ಕಾಲುವೆ ಇದೆ, ಭತ್ತದ ಗದ್ದೆಗಳಿವೆ. ಬೇಡ ಅನ್ನಲು ನಾನ್ಯಾರು? ನಮ್ಮ ಮಾಮಾನ ಮಕ್ಕಳು ಓದಿದ್ದು ಆ ನೀರಿನಿಂದಲೇ. ಹೊಲ ಸಪಾಟು ಮಾಡುವಾಗ ಎಷ್ಟೋ ತಾಣಗಳು ಅಳಿಸಿಹೋದವು; ಅತ್ತ ಇಸಾಂಪುರದ ಕಲ್ಲುಗಳು ಬೆಳಕಿಗೆ ಬಂದದ್ದೂ ನೀರಾವರಿ ಕೆಲಸಕ್ಕೆಂದು ಮೇಲಿನ ಮಣ್ಣು ತೆಗೆದಾಗಲೇ. ಯಾರನ್ನು ಬೈಯುವುದು?

ಹೋದ ಸಲ ಊರಿಗೆ ಹೋದಾಗ ಆಯಿ ತೋಡುತ್ತಿದ್ದ ಜಾಗ ಹುಡುಕಿದೆ. ಹಳ್ಳದ ಬದಿಯೆಲ್ಲ ಜಾಲಿ ಬೆಳೆದು ಗುರುತು ಸಿಗಲಿಲ್ಲ. ಮಾಮಾನನ್ನು ಕೇಳಿದೆ. ಅವನು ಒಡ್ಡಿನ ಮೇಲೆ ನಿಂತು ಅತ್ತಿತ್ತ ನೋಡಿ, "ಇಲ್ಲೇ ಎಲ್ಲೋ ಇತ್ತಪ್ಪ, ನಿಮ್ಮ ಆಯಿಗೇ ಗೊತ್ತಿತ್ತು" ಅಂದ.