ಪಾರ್ಕಿನ ಬೆಂಚಿಗೆ ಕೆಮಿಕಲ್ ಆಂಕರ್ ಬೇಕೇ?

ಪರ

ಬೆಂಚಿನ ಕಾಲನ್ನು ಕಾಂಕ್ರೀಟ್ ನೆಲಕ್ಕೆ ಬಿಗಿಯಲು ತೂತಿನೊಳಗೆ ಹಿಗ್ಗುವ ಎಕ್ಸ್‌ಪಾನ್ಷನ್ ಬೋಲ್ಟ್ ಹಾಕಬಹುದು, ಇಲ್ಲವೇ ಕೆಮಿಕಲ್ ಆಂಕರ್, ಅಂದರೆ ತೂತಿನಲ್ಲಿ ಗಟ್ಟಿಯಾಗುವ ರಾಳದಿಂದ ಅಂಟಿಸಿದ ತಿರುಪಿನ ರಾಡು. ಎಕ್ಸ್‌ಪಾನ್ಷನ್ ಬೋಲ್ಟ್ ನಿಲ್ಲುವುದು ತೂತಿನ ಗೋಡೆಯನ್ನು ಒತ್ತಿ ಹಿಡಿದು. ಅಂಚು ಹತ್ತಿರವಿದ್ದರೆ ಆ ಒತ್ತಡಕ್ಕೆ ಕಾಂಕ್ರೀಟೇ ಸೀಳುತ್ತದೆ. ನಾವು ಬೆಂಚು ಹಾಕುವುದಾದರೋ ನಡಿಗೆ ದಾರಿಯ ಅಂಚಿನಲ್ಲೇ. ಕೆಮಿಕಲ್ ಆಂಕರ್‌ನ ರಾಳ ರಾಡಿಗೂ ಕಾಂಕ್ರೀಟಿಗೂ ಅಂಟಿಕೊಳ್ಳುತ್ತದೆ, ತೂತನ್ನು ಹಿಗ್ಗಿಸುವುದಿಲ್ಲ. ಇನ್ನೊಂದು ವಿಷಯ: ಜನ ಬೆನ್ನಾಸರೆಗೆ ಒರಗಿದಾಗಲೆಲ್ಲ ಬೆಂಚಿನ ಮುಂಗಾಲು ಮೇಲೇಳಲು ನೋಡುತ್ತದೆ. ಈ ಎಳೆತ ದಿನವೂ ನಡೆದರೆ, ಸರಿಯಾಗಿ ಬಿಗಿಯದ ಎಕ್ಸ್‌ಪಾನ್ಷನ್ ಬೋಲ್ಟ್ ಸಡಿಲವಾಗುತ್ತದೆ.

ಎಂ10 (10 ಮಿ.ಮೀ. ದಪ್ಪದ) ರಾಡಿಗೆ ಸಾಮಾನ್ಯವಾಗಿ 12 ಮಿ.ಮೀ. ತೂತು, 90 ಮಿ.ಮೀ. ಆಳ. ಕೊರೆದ ಮೇಲೆ ಪಂಪಿನಿಂದ ಊದಿ, ತಂತಿ ಬ್ರಷ್ ಆಡಿಸಿ, ಮತ್ತೆ ಊದಬೇಕು. ಕೆಲಸ ಕೆಡುವುದು ಹೆಚ್ಚಾಗಿ ಇಲ್ಲೇ: ದೂಳು ಉಳಿದರೆ ರಾಳ ದೂಳಿಗೆ ಅಂಟುತ್ತದೆ, ಕಾಂಕ್ರೀಟಿಗಲ್ಲ. ಕಾರ್ಟ್ರಿಜ್‌ನಿಂದ (ರಾಳದ ಕೊಳವೆ) ಮೊದಲು ಬರುವ, ಸರಿಯಾಗಿ ಬೆರೆಯದೆ ಬಣ್ಣ ಒಂದಾಗದ ರಾಳವನ್ನು ಚೆಲ್ಲಿ. ಆಮೇಲೆ ತಳದಿಂದ ಮೇಲಕ್ಕೆ ಮೂರನೇ ಎರಡು ಭಾಗ ತುಂಬಿ, ರಾಡನ್ನು ತಿರುಗಿಸುತ್ತಾ ಇಳಿಸಿ. ಬಾಯಿಯಲ್ಲಿ ಸ್ವಲ್ಪ ರಾಳ ಉಕ್ಕಿದರೆ ತೂತು ತುಂಬಿದೆ ಎಂದರ್ಥ, ಮಳೆನೀರೂ ಒಳಗಿಳಿಯದು. ಕಾರ್ಟ್ರಿಜ್ ಮೇಲೆ ಬರೆದ ಹೊತ್ತು ಮುಗಿಯುವ ತನಕ ನಟ್ ಮುಟ್ಟಬಾರದು.

ವಿರೋಧ

90 ಮಿ.ಮೀ. ಆಳ ಎಂದರೆ ಕಡಿಮೆಯೆಂದರೂ 120 ಮಿ.ಮೀ. ದಪ್ಪದ ಕಾಂಕ್ರೀಟ್ ಬೇಕು. ನಮ್ಮ ನಡಿಗೆ ದಾರಿಗಳಲ್ಲಿ ಅನೇಕ ಕಡೆ ಇರುವುದು ನಾಲ್ಕಿಂಚು, ಅಂದರೆ ಸುಮಾರು 100 ಮಿ.ಮೀ. ಅಲ್ಲಿ ಅಷ್ಟು ಕೊರೆದರೆ ತಳವೇ ಒಡೆದು, ರಾಳ ಮಣ್ಣಿಗಿಳಿಯುತ್ತದೆ. ಸುಮಾರು 60 ಮಿ.ಮೀ. ಇಳಿಯುವ ಎಂ10 ವೆಜ್ ಬೋಲ್ಟ್ (ಎಕ್ಸ್‌ಪಾನ್ಷನ್ ಬೋಲ್ಟ್‌ನ ಒಂದು ಬಗೆ), ಅಂಚಿನಿಂದ 100 ಮಿ.ಮೀ. ಒಳಗೆ ಕೊರೆದರೆ, ಬೆಂಚಿನ ಭಾರಕ್ಕೆ ಸಾಕು. ತೂತು ಸ್ವಚ್ಛಗೊಳಿಸಲೇಬೇಕು, ಆದರೆ ಬ್ರಷ್‌ನ ಅಷ್ಟೊಂದು ಮಡಿ ಇಲ್ಲ. ನಟ್ಟನ್ನು ಟಾರ್ಕ್ ರೆಂಚ್‌ನಲ್ಲಿ (ಬಿಗಿತ ಅಳೆಯುವ ಪಾನಾ) ಬಿಗಿದರೆ ಹಿಡಿದಿದೆಯೋ ಇಲ್ಲವೋ ಆಗಲೇ ಗೊತ್ತಾಗುತ್ತದೆ. ರಾಳ ಒಳಗೆ ಗಟ್ಟಿಯಾಗಿದೆಯೇ ಎಂದು ಕಣ್ಣಿಗೆ ಕಾಣದು. ಒಂದೇ ಬೆಂಚಿಗೆ ಕಾರ್ಟ್ರಿಜ್ ತೆರೆದರೆ ಉಳಿದದ್ದು ಬಹುಪಾಲು ಕಸದ ಬುಟ್ಟಿಗೆ.

ನಿಜವಾಗಿ ಬೆಂಚು ಅಲುಗಲು ಕಾರಣ ಬೇರೆಯೇ. ನೀರು ಹರಿಯಲು ನೆಲಕ್ಕೆ ಇಳಿಜಾರು ಕೊಟ್ಟಿರುತ್ತಾರೆ, ಒಂದು ಕಾಲು ಮೇಲೆ ನಿಲ್ಲುತ್ತದೆ. ಅದನ್ನು ಬೋಲ್ಟ್‌ನಿಂದ ಎಳೆದು ಕೂರಿಸಿದರೆ ಯಾವ ಆಂಕರೂ ಬಾಳದು. ಸ್ಟೇನ್‌ಲೆಸ್ ವಾಷರ್ ಕೊಟ್ಟು ಮಟ್ಟ ಮಾಡಿ, ನಾಲ್ಕೂ ನಟ್ ಕೈಯಲ್ಲಿ ಕೂರಿಸಿ, ಆಮೇಲಷ್ಟೇ ಬಿಗಿಯಬೇಕು. ಮಂಗಳೂರು, ಕಾರವಾರದ ಉಪ್ಪುಗಾಳಿಗೆ ಸುಲಭವಾಗಿ ತುಕ್ಕು ಹಿಡಿಯದ 316 ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್ ಲೇಸು.

ಮರಳಿನ ಮೇಲೆ ಕೂತ 60 ಮಿ.ಮೀ. ಪೇವರ್ (ನೆಲಕ್ಕೆ ಜೋಡಿಸುವ ಕಾಂಕ್ರೀಟ್ ಬಿಲ್ಲೆ) ಆದರೆ ಎರಡು ಬಗೆಯ ಆಂಕರೂ ಬೇಡ. ಬೋಲ್ಟ್ ಜೊತೆ ಪೇವರೇ ಎದ್ದು ಬರುತ್ತದೆ. ಅಲ್ಲಿ ಪೇವರ್ ತೆಗೆದು, ಪ್ರತಿ ಕಾಲಿಗೂ 300 ಮಿ.ಮೀ. ಘನದ ಕಾಂಕ್ರೀಟ್ ಹಾಕುವಾಗಲೇ ಬೋಲ್ಟ್ ಹೂಳಿಬಿಡಿ.