ರಸೀದಿ ಇದ್ದರೆ ಚಿನ್ನ ಸಾಚಾನಾ?

ಬ್ರೆಜಿಲಿನ ಯಾನೊಮಾಮಿ ಬುಡಕಟ್ಟಿನ ಬಗ್ಗೆ ಓದಿದಾಗಲೆಲ್ಲ ನನಗೆ ಸಿಟ್ಟು ಬರುವುದು ಕೆಸರಿನಲ್ಲಿ ನಿಂತು ಚಿನ್ನ ತೆಗೆಯುವ ಬಡವನ ಮೇಲಲ್ಲ. ಅದನ್ನು ಕೊಂಡು, ರಸೀದಿ ಹರಿದು ಕೊಟ್ಟು, ಏನೂ ಗೊತ್ತಿಲ್ಲದವರಂತೆ ಕೂತವರ ಮೇಲೆ.

ಅಮೆಜಾನ್ ಕಾಡಿನಲ್ಲಿ, ವೆನೆಜುವೆಲಾ ಗಡಿಗೆ ಅಂಟಿಕೊಂಡಿರುವ ಅವರ ನೆಲ ಸುಮಾರು 96,000 ಚದರ ಕಿಲೋಮೀಟರ್. ಹತ್ತಿರಹತ್ತಿರ ಅರ್ಧ ಕರ್ನಾಟಕ! 1992ರಲ್ಲೇ ಸರ್ಕಾರ ಇದು ಯಾನೊಮಾಮಿಗಳದ್ದು ಅಂತ ಅಧಿಕೃತವಾಗಿ ಒಪ್ಪಿದೆ. ಮರುವರ್ಷವೇ ಹಶಿಮು ಎಂಬಲ್ಲಿ ಚಿನ್ನ ತೆಗೆಯಲು ನುಗ್ಗಿದವರು ಅವರಲ್ಲಿ 16 ಜನರನ್ನು ಕೊಂದರು.

ಕೆಲಸ ನಡೆಯುವುದು ಹೀಗೆ. ಪಂಪು ಹಚ್ಚಿ, ಪೈಪಿನಲ್ಲಿ ರಭಸವಾಗಿ ನೀರು ಬಿಟ್ಟು ಹೊಳೆಯ ದಂಡೆಯನ್ನೇ ಕರಗಿಸುತ್ತಾರೆ. ಆ ಕೆಸರಿನಲ್ಲಿ ಚಿನ್ನ ಧೂಳಿನಷ್ಟು ಸಣ್ಣಗಿರುತ್ತದೆ. ಪಾದರಸ ಹಾಕಿದರೆ ಅದಕ್ಕೆ ಹತ್ತಿಕೊಳ್ಳುತ್ತದೆ. ಆ ಉಂಡೆ ಕಾಯಿಸಿದರೆ ಪಾದರಸ ಆವಿಯಾಗಿ ಹೋಗಿ ಚಿನ್ನ ಉಳಿಯುತ್ತದೆ. ಹೋಗೋದಾದರೂ ಎಲ್ಲಿಗೆ? ಒಂದಷ್ಟು ಕೆಸರಿನ ಜೊತೆ ಹೊಳೆಗೆ, ಒಂದಷ್ಟು ಗಾಳಿಗೆ ಸೇರಿ ಮತ್ತೆ ಕೆಳಕ್ಕೆ. ನೀರಿನ ತಳದಲ್ಲಿ ಬ್ಯಾಕ್ಟೀರಿಯಾಗಳು ಅದನ್ನು ಮೀಥೈಲ್ ಮರ್ಕ್ಯುರಿ ಮಾಡುತ್ತವೆ, ಅಂದರೆ ಮೈಯಲ್ಲಿ ಸೇರಿಕೊಂಡು ಉಳಿಯುವ ವಿಷ. ಸಣ್ಣ ಮೀನನ್ನು ದೊಡ್ಡ ಮೀನು ತಿಂದ ಹಾಗೆಲ್ಲ ವಿಷ ಜಾಸ್ತಿಯಾಗುತ್ತಾ ಹೋಗುತ್ತದೆ. ಆ ಮೀನನ್ನು ಬಸುರಿ ತಿಂದರೆ ಏಟು ಬೀಳುವುದು ಹೊಟ್ಟೆಯಲ್ಲಿರುವ ಮಗುವಿನ ಮಿದುಳಿಗೆ.

ಅಲ್ಲಿನ ಫಿಯೊಕ್ರೂಜ್ ಎಂಬ ಆರೋಗ್ಯ ಸಂಶೋಧನಾ ಸಂಸ್ಥೆಯವರು 2022ರಲ್ಲಿ ಮುಕಾಜಾಯಿ ನದಿಯ ಕಡೆಯ ಒಂಬತ್ತು ಹಳ್ಳಿಗಳಲ್ಲಿ ಸುಮಾರು 300 ಜನರ ಕೂದಲು ಪರೀಕ್ಷಿಸಿದರು. ಪುಟ್ಟ ಮಕ್ಕಳೂ ಅದರಲ್ಲಿದ್ದರು. ಪಾದರಸ ಸಿಗದವರು ಒಬ್ಬರೂ ಇರಲಿಲ್ಲ.

ದೊಡ್ಡ ಮೀನು ತಿನ್ನಬೇಡಿ ಅಂತ ಬುದ್ಧಿ ಹೇಳುವುದು ಸುಲಭ. ಮತ್ತೇನು ತಿನ್ನಬೇಕು? ಮಷೀನುಗಳ ಸದ್ದಿಗೆ ಬೇಟೆಯ ಪ್ರಾಣಿಗಳು ದೂರ ಓಡಿವೆ. ಅಗೆದ ಗುಂಡಿಗಳಲ್ಲಿ ನೀರು ನಿಂತು ಮಲೇರಿಯಾ. ಜ್ವರ ಬಂದು ಮಲಗಿದವರು ತೋಟ ಮಾಡಿ ಗೆಣಸು, ಬಾಳೆ ಬೆಳೆಯುವುದು ಹೇಗೆ? 2023ರ ಜನವರಿಯಲ್ಲಿ ಸರ್ಕಾರ ಆರೋಗ್ಯ ತುರ್ತುಸ್ಥಿತಿ ಘೋಷಿಸಿದಾಗ ಬಂದ ಫೋಟೋಗಳಲ್ಲಿ ಮಕ್ಕಳ ಪಕ್ಕೆಲುಬು ಎಣಿಸಬಹುದಿತ್ತು.

ಈಗ ರಸೀದಿಯ ವಿಷಯ. 2013ರ ಒಂದು ಕಾನೂನಿನಲ್ಲಿ, ಚಿನ್ನ ಯಾವ ಗಣಿಯದ್ದು ಅಂತ ಮಾರುವವನು ಬರೆದುಕೊಟ್ಟರೆ ಸಾಕಿತ್ತು. ಕೊಂಡವನು ನಂಬಿಕೆಯಿಂದ ಕೊಂಡಿದ್ದಾನೆ ಅಂತಲೇ ಲೆಕ್ಕ. ನಮ್ಮಲ್ಲಿ ಅಜ್ಜಿಯ ಸರ ಮಾರಲು ಹೋದರೂ ಬಿಲ್ ಎಲ್ಲಿ, ಆಧಾರ್ ಎಲ್ಲಿ ಅಂತ ಕೇಳ್ತಾರಲ್ವಾ? ಅಲ್ಲಿ ಈ ಸವಲತ್ತು ಹತ್ತು ವರ್ಷ ನಡೆಯಿತು. 2023ರ ಏಪ್ರಿಲಿನಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ತಡೆ ಕೊಟ್ಟಿತು. ಕಳ್ಳಮಾಲಿಗೆ ಕಾನೂನೇ ದಾರಿ ಬಿಟ್ಟಿದ್ದಾಗ ಗಣಿಯವರನ್ನು ಎಷ್ಟು ಸಲ ಓಡಿಸಿದರೇನು?

ನಮ್ಮ ಹಾಲ್‌ಮಾರ್ಕ್ ಕೂಡ ಚಿನ್ನ ಎಷ್ಟು ಶುದ್ಧ ಅಂತ ಹೇಳುತ್ತದೆಯೇ ಹೊರತು ಎಲ್ಲಿಂದ ಬಂತು ಅಂತಲ್ಲ. ಒಡವೆ ಅಂಗಡಿಯಲ್ಲಿ ಇದನ್ನು ಯಾರಾದರೂ ಕೇಳಿದ್ದೀರಾ? ಏನು ಉತ್ತರ ಬಂತು ಅಂತ ಕಾಮೆಂಟಿನಲ್ಲಿ ಹೇಳಿ.