ಕೊರಳಿನ ಬಿಲ್ಲೆ

ರೋಮ್ ಅಂದರೆ ನನ್ನ ಫೀಡಿಗೆ ಬರೋದು ಕೊಲೋಸಿಯಂ, ಅಮೃತಶಿಲೆಯ ಕಂಬ, ನೂಲು ಹಿಡಿದಂಥ ರಸ್ತೆ. ಕೆಳಗೆ 'ಆ ಕಾಲಕ್ಕೇ ಎಂಥಾ ಇಂಜಿನಿಯರಿಂಗ್!' ಅಂತ ಒಂದು ಉದ್ಗಾರ. ನಾನೂ ಲೈಕ್ ಒತ್ತಿದವನೇ.

ಮೊನ್ನೆ ಬೇರೊಂದು ಫೋಟೋ ಕಣ್ಣಿಗೆ ಬಿತ್ತು. ಕಬ್ಬಿಣದ ಪಟ್ಟಿ, ಅದಕ್ಕೆ ನೇತುಬಿದ್ದ ದುಂಡನೆ ಬಿಲ್ಲೆ. ನಾಯಿಯದ್ದಿರಬೇಕು ಅಂದುಕೊಂಡೆ. ಅಲ್ಲ, ಅದು ಗುಲಾಮನ ಕೊರಳಿನದು. 4-5ನೇ ಶತಮಾನದ್ದು, ಈಗ ರೋಮ್‌ನ ಮ್ಯೂಸಿಯಂನಲ್ಲಿದೆ. ಬಿಲ್ಲೆಯ ಮೇಲೆ ಲ್ಯಾಟಿನ್‌ನಲ್ಲಿ ಕೊರೆದಿರೋದು ಇಷ್ಟು: 'ಓಡಿಬಂದಿದ್ದೇನೆ, ಹಿಡಿಯಿರಿ. ನನ್ನ ಧಣಿ ಝೋನಿನಸ್‌ಗೆ ಒಪ್ಪಿಸಿದರೆ ಒಂದು ಚಿನ್ನದ ನಾಣ್ಯ ಸಿಗುತ್ತದೆ.'

ಮಾತು ಗುಲಾಮನ ಬಾಯಲ್ಲಿದೆ, ಬರೆಸಿದವನು ಧಣಿ. ಹೆಸರೂ ಧಣಿಯದೇ. ಪಟ್ಟಿ ಹೊತ್ತವನ ಹೆಸರು ಎಲ್ಲೂ ಇಲ್ಲ. ಇಂಥ ಕೆಲವು ಪಟ್ಟಿಗಳ ಮೇಲೆ ಕ್ರೈಸ್ತ ಚಿಹ್ನೆಯೂ ಇದೆ. ದೇವರು ಬದಲಾದ, ಕೊರಳಿನ ಕಬ್ಬಿಣ ಬದಲಾಗಲಿಲ್ಲ.

ಇದನ್ನೆಲ್ಲ ಹೇಳಿದರೆ ಸಿದ್ಧ ಉತ್ತರ ಒಂದಿದೆ: 'ಆ ಕಾಲವೇ ಹಾಗಿತ್ತು, ತಪ್ಪು ಅಂತ ಯಾರಿಗೂ ಅನ್ನಿಸ್ತಿರಲಿಲ್ಲ.' ನಾನಿದನ್ನು ಒಪ್ಪಲ್ಲ. ಕ್ರಿ.ಶ. 61ರಲ್ಲಿ ರೋಮ್ ನಗರದ ಪ್ರಿಫೆಕ್ಟ್ (ನಗರಾಡಳಿತದ ಮುಖ್ಯಸ್ಥ) ಪೆಡಾನಿಯಸ್ ಸೆಕುಂಡಸ್‌ನನ್ನು ಅವನ ಮನೆಯ ಗುಲಾಮನೊಬ್ಬ ಕೊಂದ. ಕೊಂದವನು ಒಬ್ಬ, ಆದರೆ ಹಳೇ ಕಟ್ಟಳೆಯ ಪ್ರಕಾರ ಮನೆಯಲ್ಲಿದ್ದ ಗುಲಾಮರೆಲ್ಲ ಸಾಯಬೇಕು. ಒಟ್ಟು 400 ಜನ, ಹೆಂಗಸರು ಮಕ್ಕಳು ಸೇರಿ. ಸೆನೆಟ್‌ನಲ್ಲಿ ಕ್ಯಾಸಿಯಸ್ ಅನ್ನೋ ಕಾನೂನು ಪಂಡಿತ ಎದ್ದುನಿಂತು, ಭಯ ಇಲ್ಲದಿದ್ದರೆ ಇವರನ್ನು ಹತೋಟಿಯಲ್ಲಿ ಇಡೋಕಾಗಲ್ಲ ಅಂತ ವಾದಿಸಿದ. (ಪಂಡಿತರು ಯಾವ ಕಾಲದಲ್ಲೂ ಸಿಗುತ್ತಾರೆ.) ಆದರೆ ಬೀದಿಯ ಜನ ಒಪ್ಪಲಿಲ್ಲ, ಕಲ್ಲು, ಪಂಜು ಹಿಡಿದು ಅಡ್ಡ ನಿಂತರು. ಕೊನೆಗೆ ಚಕ್ರವರ್ತಿ ನೀರೋ ದಾರಿಯುದ್ದಕ್ಕೂ ಸೈನಿಕರನ್ನು ನಿಲ್ಲಿಸಿ 400 ಜನರನ್ನೂ ಕೊಲ್ಲಿಸಿದ. ರೋಮನ್ ಇತಿಹಾಸಕಾರ ಟ್ಯಾಸಿಟಸ್ ಇದನ್ನು ಬರೆದಿಟ್ಟಿದ್ದಾನೆ. ತಪ್ಪು ಅಂತ ಅನ್ನಿಸಿದವರು ಇರಲಿಲ್ಲ ಅನ್ನೋದಾದರೆ, ಆ ಕಲ್ಲು ಹಿಡಿದವರು ಯಾರು?

ಇನ್ನೊಂದು ಕಲ್ಲಿದೆ, ಸಮಾಧಿಯದು. ಬ್ರಿಟನ್ ರೋಮ್ ಆಳ್ವಿಕೆಯಲ್ಲಿದ್ದ ಕಾಲದ್ದು. ಇಂಗ್ಲೆಂಡಿನ ಸೌತ್ ಶೀಲ್ಡ್ಸ್‌ನಲ್ಲಿ ಸಿಕ್ಕಿದ್ದು. ಬೆತ್ತದ ಕುರ್ಚಿಯಲ್ಲಿ ಕೂತ ಹೆಂಗಸು, ಪಕ್ಕದಲ್ಲಿ ಉಣ್ಣೆಯ ಬುಟ್ಟಿ. ಹೆಸರು ರೆಜಿನಾ, ಅಂದರೆ ರಾಣಿ. ಬ್ರಿಟನ್ನಿನದೇ ಬುಡಕಟ್ಟಿನವಳು, ಗುಲಾಮಳಾಗಿದ್ದಳು. ಸಿರಿಯಾದ ಪಾಲ್ಮೈರಾದಿಂದ ಬಂದಿದ್ದ ಬರಾಟೆಸ್ ಅವಳನ್ನು ಬಿಡುಗಡೆ ಮಾಡಿ ಮದುವೆಯಾದ. ಅವಳು ಒಪ್ಪಿದಳಾ ಅಂತ ಕೇಳಬೇಡಿ, ಒಡೆಯ ಕೇಳಿದರೆ ಬೇಡ ಅನ್ನೋದು ಹೇಗೆ? 30ಕ್ಕೇ ತೀರಿಹೋದಳು. ಸಮಾಧಿಯ ಮೇಲೆ ಲ್ಯಾಟಿನ್ ತಡವರಿಸಿಕೊಂಡು ಬರೆಸಿದ್ದಾನೆ. ಅದರ ಕೆಳಗೆ ತನ್ನ ಊರಿನ ಲಿಪಿಯಲ್ಲಿ ಒಂದೇ ಸಾಲು, ತಡವರಿಕೆಯೇ ಇಲ್ಲ:

'ರೆಜಿನಾ, ಬರಾಟೆಸ್ ಬಿಡುಗಡೆ ಮಾಡಿದವಳು, ಅಯ್ಯೋ.'

ಆ ಲಿಪಿ ಓದಬಲ್ಲವರು ಸೌತ್ ಶೀಲ್ಡ್ಸ್‌ನಲ್ಲಿ ಎಷ್ಟು ಜನ ಇದ್ದಿರಬೇಕು! ಅಂತೂ ಬರೆಸಿದ. ಕಲ್ಲಿನಲ್ಲಿ ಅವಳ ಮುಖ ಮಾತ್ರ ಒಡೆದುಹೋಗಿದೆ.